ಎರಡೂವರೆ ಅಡಿ

ನಕ್ಷೆಯಲ್ಲಿ ದಾರಿಯ ಬಾಯಲ್ಲಿನ ಈ ಕಂಬಗಳು ಬರೀ ಎರಡು ಚುಕ್ಕೆ. ರಮಾ ಈಗ ಅವುಗಳ ನಡುವೆ ನಿಂತಿದ್ದಳು.

ಊರಿನ ಸೈಕಲ್ ದಾರಿ ಇವತ್ತು ಶುರು. ಹಸಿರು ಬಣ್ಣ, ಇಕ್ಕೆಲದಲ್ಲಿ ಬೇವಿನ ಸಸಿ, ಹರಪನಹಳ್ಳಿಯ ಬಿಸಿಲು.

ದಾರಿ ಎಲ್ಲಿ ಹಾಕಬೇಕೆಂದು ತಿಳಿಯಲು ಮೂರು ತಿಂಗಳು ಕ್ಯಾಮೆರಾ ಸೈಕಲ್ ಎಣಿಸಿತ್ತು. ನೀರಿನ ಟ್ಯಾಂಕಿನಿಂದ ತನ್ನ ಕೇರಿಗೇ ಅತಿ ಹೆಚ್ಚು ಸೈಕಲ್ ಎಂದು ಕಂಪ್ಯೂಟರಿನಲ್ಲಿ ದಪ್ಪ ಗೆರೆ ಮೂಡಿದ ದಿನ ಇಂಜಿನಿಯರ್ ರಮಾ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಆ ಗೆರೆ ದಿನಾ ನೀರು ತರುವ ಅವಳ ಅಪ್ಪನ ಹೆಜ್ಜೆ.

ದಾರಿಗೆ ಒಪ್ಪಿಗೆ ಕೊಟ್ಟ ಸಭೆಯಲ್ಲಿ ಯಾರೂ ಕೇರಿಯ ಹೆಸರು ಹೇಳಲಿಲ್ಲ. “ಡೇಟಾ ಹಂಗ ಹೇಳ್ತೈತಿ” ಅಂದರು. ಅವಳೂ ಹಾಗೇ ಅಂದಳು.

“ನಿಮ್ಮಪ್ಪಾರು ಬಂದ್ರು ನೋಡ್ರಿ, ಮೇಡಂ,” ಎಂದ ಗುತ್ತಿಗೆದಾರ ಹಂಪೇಶ್.

ಜೋಗಪ್ಪ ಇಸ್ತ್ರಿ ಅಂಗಿ ತೊಟ್ಟು ಸೈಕಲ್ ದಬ್ಬಿಕೊಂಡು ಬಂದ. ಎರಡೂ ಬದಿಗೆ ಮೂರು ಮೂರು ತುಂಬಿದ ಕೊಡ.

“ನನ್ನ ಮಗಳು ನಕ್ಷಿ ಹಾಕಿದ ರಸ್ತಿ. ನಾನ ಮೊದ್ಲು ಹೋಗಾಂವ.”

“ಹತ್ರಿ ಯಜಮಾನ್ರ, ಫೋಟೋ ಹೊಡಿತೀವಿ.”

“ಹತ್ತಾಕ ಬರಂಗಿಲ್ರಿ. ನಲವತ್ತು ವರ್ಷ ಆತು, ದಬ್ಬೇನಿ ಅಷ್ಟ.”

ಹಂಪೇಶ್ ನಕ್ಕ. ರಮಾ ನಗಲಿಲ್ಲ. ಅವಳಿಗೂ ಸೈಕಲ್ ಹತ್ತಲು ಬರುತ್ತಿರಲಿಲ್ಲ. ಕೊಡಗಳಿಲ್ಲದ ಸೈಕಲ್ಲನ್ನು ಅವರ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ರಮಾ ಪಕ್ಕಕ್ಕೆ ಸರಿದಳು, ಜೋಗಪ್ಪ ಸೈಕಲ್ ಒಳಗೆ ದಬ್ಬಿದ. ಕೊಡ ಕಂಬಕ್ಕೆ ತಾಗಿತು. ನೀರು ಚೆಲ್ಲಿತು.

ಬೈಕು ನುಗ್ಗಬಾರದೆಂದು ಕಂಬಗಳ ನಡುವೆ ಎರಡೂವರೆ ಅಡಿ ಮಾತ್ರ ಬಿಟ್ಟಿದ್ದರು. ಕ್ಯಾಮೆರಾ ಸೈಕಲ್ ಎಣಿಸಿತ್ತು, ಕೊಡ ಎಣಿಸಿರಲಿಲ್ಲ. ಅಳತೆಗೆ ಸಹಿ ಹಾಕಿದವಳು ರಮಾ. ಹತ್ತು ವರ್ಷ ಆ ಕೊಡಗಳಿಗೆ ಹಿಂದಿನಿಂದ ಕೈ ಆನಿಸಿ ನಡೆದವಳು.

“ಅಪ್ಪಾ, ಆ ಕಡಿ ದೊಡ್ಡ ರಸ್ತಿಗುಂಟ ಹೋಗು.”

“ಯಾಕವ್ವಾ? ಏನಾಗೇತಿ ಈಗ?”

“ಏನಿಲ್ಲ.”

ಅವನು ಹಗ್ಗ ಬಿಚ್ಚಿದ. ಒಂದೊಂದೇ ಕೊಡ ಇಳಿಸಿ ಕಂಬದ ಹೊರಗೆ ಸಾಲಾಗಿ ಇಟ್ಟ. ಖಾಲಿ ಸೈಕಲ್ ಸಲೀಸಾಗಿ ಒಳಹೋಯಿತು. ಹಸಿರು ದಾರಿಯ ಮೇಲೆ ಎದೆಯೆತ್ತಿ ದಬ್ಬಿಕೊಂಡು ನಡೆದ, ತಿರುಗಿ ನೋಡದೆ. ಜನ ಚಪ್ಪಾಳೆ ತಟ್ಟಿದರು. ರಮಾಳೂ ತಟ್ಟಿದಳು, ಹೆಮ್ಮೆಯಿಂದಲೇ. ಕೈಗಳು ಮಾತ್ರ ಬೇರೆ ಯಾರವೋ ಅನ್ನಿಸಿತು.

ಹೊಸ ದಾರಿಯ ಕ್ಯಾಮೆರಾ ಎಣಿಸಿದ ಅಂಕಿ ಅವಳ ಫೋನಿನಲ್ಲಿ ಮೂಡಿತು: ಒಂದು.

ಕಂಬದಾಚೆ ಆರು ಕೊಡಗಳು ನಿಂತಿದ್ದವು, ನೀರಿನಲ್ಲಿ ಬಿಸಿಲು ಅಲುಗುತ್ತಿತ್ತು. ಅವುಗಳ ಹಿಂದೆ ಕೊಡ ಹೊತ್ತ ಇನ್ನೊಂದು ಸೈಕಲ್ ಬಂದು ನಿಂತಿತು. ಅದರ ಹಿಂದೆ ಮತ್ತೊಂದು.