ಚಳಿಯ ಗೊಂಬೆ

ಹಾನಾ ಹುಮನಾಬಾದಿಗೆ ಬಂದು ಅದು ಎರಡನೆಯ ವರ್ಷ. ಶಿವರಾಜ ಝೆಕೊಸ್ಲೊವಾಕಿಯಾಕ್ಕೆ ಓದಲು ಹೋದವನು ಅಲ್ಲಿಯೇ ಆಕೆಯನ್ನು ಮದುವೆಯಾಗಿದ್ದ. ಮಗಳು ಮೀರಾ ಹುಟ್ಟಿದ್ದೂ ಅಲ್ಲಿಯೇ. ಈಗ ಐದು ವರ್ಷದ ಹುಡುಗಿಗೆ ಆ ನಾಡಿನ ನೆನಪೇ ಇರಲಿಲ್ಲ. ಅತ್ತೆ ಸುಂದರಬಾಯಿ ಸೊಸೆಯ ಹೆಸರಿಗೆ ನಾಲಿಗೆ ಹೊರಳದೆ ‘ಹಣಮಾ’ ಎನ್ನುತ್ತಿದ್ದರು. ಮನೆಯಲ್ಲಿ ಯಾರೂ ಆಕೆಯನ್ನು ನೋಯಿಸಿದವರಲ್ಲ. ಆದರೆ ಹಿರಿಯರಿಗೆ ತಿಳಿಯದ ಮಾತನ್ನು ಅವರೆದುರು ಆಡಬಾರದೆಂದು ಶಿವರಾಜ ಆಕೆಯ ಭಾಷೆಯನ್ನು ಬಿಟ್ಟೇಬಿಟ್ಟಿದ್ದ.

ಶಿವರಾತ್ರಿ ಹತ್ತಿರ ಬಂದಾಗ ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಕಲ್ಯಾಣದ ದಾರಿಯಲ್ಲಿದ್ದ ಹೊಲಕ್ಕೆ ಸೀತನಿ ತಿನ್ನಲು ಹೋದರು. ಹೊಲದ ಆಳು ನರಸಿಂಗ ಹಸಿ ಜೋಳದ ತೆನೆಗಳನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು ಕಾಳು ಬಿಡಿಸುತ್ತಿದ್ದ. ಬದುವಿನ ಮುತ್ತುಗದ ಗಿಡಗಳಲ್ಲಿ ಎಲೆಯಿಲ್ಲ, ಬರೀ ಹೂವು. ಗಾಳಿಯಲ್ಲಿ ಒಂದಿಷ್ಟು ತಂಪು ಉಳಿದಿತ್ತು. ಅದು ಮುಖಕ್ಕೆ ತಾಗಿದ್ದೇ ಹಾನಾಗೆ ತವರಿನ ನದಿ ನೆನಪಾಯಿತು. ಹಿಮ ಕರಗುವ ಹೊತ್ತಿಗೆ ಅಲ್ಲಿಯ ಮಕ್ಕಳು ಹುಲ್ಲಿನ ಹೆಂಗಸೊಬ್ಬಳನ್ನು ಮಾಡಿ, ಬಟ್ಟೆ ತೊಡಿಸಿ, ಹಾಡುತ್ತ ಒಯ್ದು ನೀರಿಗೆ ಎಸೆಯುತ್ತಿದ್ದರು. ಆಕೆಯೇ ಚಳಿ. ಆಕೆ ಮುಳುಗಿದರೆ ವಸಂತ ಬಂದಂತೆ.

ಹಾನಾ ಮಗಳನ್ನು ಕೂಡಿಸಿಕೊಂಡು ಜೋಳದ ದಂಟಿನ ಒಣ ಕಣಿಕಿಯಿಂದ ಗೊಂಬೆ ಕಟ್ಟಿದಳು. ಹಳೆಯ ಅರಿವೆ ಉಡಿಸಿದಳು. ಇಬ್ಬರೂ ಬಾವಿಯ ಕಡೆ ಹೊರಟರು.

ನರಸಿಂಗ ಕೈಯ ಕೆಲಸ ಬಿಟ್ಟು ಎದ್ದು ನಿಂತ. “ಬ್ಯಾಡ್ರಿ ಅಕ್ಕೋರ, ಹಂಗ ಬಾವ್ಯಾಗ ಗೊಂಬಿ ಹಾಕೋದು ಚಲೋ ಅಲ್ರಿ,” ಎಂದ. ಮಾಟದ ಗೊಂಬೆಯನ್ನೇ ಕಂಡಂತೆ ಅವನ ಮುಖ ಬಿಳಿಚಿತ್ತು.

ಹಾನಾ ಮಾವಿನ ಮರದ ಕಡೆ ನೋಡಿದಳು. ಪಕ್ಕದ ಹೊಲದವರ ಜೊತೆ ಶಿವರಾಜ ಅಲ್ಲಿ ಕುಳಿತಿದ್ದ. ಒಂದು ವಸಂತದಲ್ಲಿ ಸೇತುವೆಯ ಮೇಲೆ ಆಕೆಯ ಪಕ್ಕ ನಿಂತು, ನಡುಗುತ್ತಲೇ ಹುಲ್ಲಿನ ಹೆಂಗಸನ್ನು ನೀರಿಗೆ ಎಸೆದವನು ಅವನೇ.

“ಅದು ಅವರ ಕಡಿ ಹುಡುಗುರ ಆಟ, ಬಿಡ್ರಿ,” ಎಂದು ಶಿವರಾಜ ಕುಳಿತಲ್ಲಿಂದಲೇ ನಕ್ಕು, ಮತ್ತೆ ಮಾತಿಗೆ ಹತ್ತಿದ.

ಸುಂದರಬಾಯಿ ಹತ್ತಿರ ಬಂದರು. “ಯಾರಿಕಿ?”

“ಚಳಿ ಅದಾಳ್ರಿ ಅತ್ತಿ. ನೀರಿಗಿ ಹಾಕಿದ್ರ ಹೋಗ್ತಾಳ್ರಿ.”

“ಚಳಿ ಯಾಕ ಹೋಗ್ಬೇಕ? ಅಕಿ ಹ್ವಾದ ಮ್ಯಾಲ ಏನ್ ಬರ್ತದ ಗೊತ್ತಿಲ್ಲ ನಿನಗ? ಹ್ವಾದ ವರ್ಷ ಬಿಸಿಲಿಗಿ ಮೈತುಂಬ ಗುಳ್ಳಿ ಎದ್ದು ಎಷ್ಟು ಅತ್ತಿದ್ದಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ಮೀರಾ ಗೊಂಬೆಯನ್ನು ಕಸಿದುಕೊಂಡಳು.

“ಆಯಿ ಖರೇ ಅಂತಾಳ. ಇಕಿನ್ನ ಮುಳುಗಸಬ್ಯಾಡ ಅವ್ವ.”

ಅಜ್ಜಿ, ಮೊಮ್ಮಗಳು ಗೊಂಬೆಯನ್ನು ಬೇವಿನ ನೆರಳಲ್ಲಿ ಕೂಡಿಸಿ, ಬಾಯಿಗೆ ಸೀತನಿ, ಬೆಲ್ಲ ಹಿಡಿದರು. ಅತ್ತೆ ಹೇಳಿದ್ದು ಸರಿಯೇ ಇತ್ತು. ಸರಿಯಿದ್ದುದಕ್ಕೇ ಹಾನಾಗೆ ಹೆಚ್ಚು ಸಂಕಟವಾಯಿತು. ಬಾವಿಯ ಕಟ್ಟೆಯ ಮೇಲೆ ಕುಳಿತು ಆ ಹಾಡನ್ನು ಗುನುಗಲು ನೋಡಿದಳು. ಮೊದಲ ಸಾಲು ಬಂತು, ಎರಡನೆಯದು ಬರಲಿಲ್ಲ.

ಹೊತ್ತು ಇಳಿದಾಗ ಬಂಡಿ ಊರ ಕಡೆ ಹೊರಟಿತು. ಸುಂದರಬಾಯಿ ತೂಕಡಿಸುತ್ತಿದ್ದರು. ಎತ್ತುಗಳನ್ನು ಹೊಡೆಯುತ್ತಿದ್ದ ಶಿವರಾಜ ಹಿಂದಕ್ಕೆ ತಿರುಗಿ, ಎಷ್ಟೋ ತಿಂಗಳ ಮೇಲೆ ಆಕೆಯ ಭಾಷೆಯಲ್ಲಿ ಮೆಲ್ಲಗೆ ಕೇಳಿದ, ಬೇಜಾರಾಯಿತೇ ಎಂದು.

“ಇಲ್ರಿ,” ಎಂದಳು ಹಾನಾ, ಕನ್ನಡದಲ್ಲಿ.

ಅವನು ಮುಂದಕ್ಕೆ ತಿರುಗಿ ಎತ್ತುಗಳ ಹಗ್ಗ ಜಗ್ಗಿದ.