ಹಾಸಿಗೆ ಪಕ್ಕದ ಸ್ಟೂಲು

“ಮನೆಯಲ್ಲಿ ಧೂಳು, ಬೂಷ್ಟು, ಕುರಿ, ಕಾಳಿನ ರಾಶಿ ಏನಾದ್ರೂ ಇತ್ತಾ? ನೆನಪು ಮಾಡ್ಕೊಂಡು ಹೇಳಿ” ಎಂದರು ಡಾಕ್ಟರು. ಐದು ವರ್ಷದ ಭೂಮಿಕಾಳ ಶ್ವಾಸಕೋಶಕ್ಕೆ ಫಂಗಸ್ ಹತ್ತಿತ್ತು. ರಕ್ತದ ಕ್ಯಾನ್ಸರಿನ ಔಷಧಿಯಿಂದ ಕೂಸಿನ ಮೈಯಲ್ಲಿ ತಡೆದುಕೊಳ್ಳುವ ಶಕ್ತಿಯೇ ಉಳಿದಿರಲಿಲ್ಲ. ಬೇರೆಯವರಿಗೆ ಒಂದು ಸೀನು ತರಿಸಿ ಹೋಗುವ ಬೂಷ್ಟು ಅದರ ಜೀವಕ್ಕೇ ಬಂದು ಕೂತಿತ್ತು.

ಕುರಿ ಎಂದದ್ದೇ ತಡ, ಎಲ್ಲರೂ ತಿಪ್ಪೇರುದ್ರಮ್ಮನ ಕಡೆ ನೋಡಿದರು. ಚಿಗಟೇರಿಯಲ್ಲಿ ಅವಳ ಮನೆ ತುಂಬ ಕುರಿ. ಮೊಮ್ಮಗಳನ್ನು ಎತ್ತಿ ಆಡಿಸಿ ಬೆಳೆಸಿದವಳೂ ಅವಳೇ. ಆದರೆ ಸೊಸೆ ಬಾಣಂತನಕ್ಕೆ ತವರಿಗೆ ಹೊರಟಾಗ, ಕುರಿಯ ಧೂಳು ಬೇಡವೆಂದು ಮಗ ಮೈಲಾರೇಶ ಭೂಮಿಕಾಳನ್ನೂ ಹಗರಿಬೊಮ್ಮನಹಳ್ಳಿಯ ಅತ್ತೆಮನೆಯಲ್ಲಿ ಬಿಟ್ಟಿದ್ದ. ಬೀಗತಿ ಉಚ್ಚಂಗೆಮ್ಮನದು ಟೈಲ್ಸ್ ಹಾಕಿದ ಮನೆ. ತಿಪ್ಪೇರುದ್ರಮ್ಮ ತಲೆಗೆ ಮಿಂದು ಮಡಿ ಸೀರೆ ಉಟ್ಟು ಹೋದರೂ ಅವಳಿಗೆ ಚಾಪೆ ಹೊಸ್ತಿಲಾಚೆಗೇ. ಒಳಗೆ ಕೂಸು ಆ ಅಜ್ಜಿಯ ತೊಡೆಯ ಮೇಲೆ ನಗುತ್ತಿರುತ್ತಿತ್ತು. ಹೊಟ್ಟೆಕಿಚ್ಚಿಗೆ ಈ ಅಜ್ಜಿಗೆ ಊಟ ಸೇರುತ್ತಿರಲಿಲ್ಲ.

ಒಂದು ದಿನ ಉಚ್ಚಂಗೆಮ್ಮ ಬಾಣಂತಿಗೆ ನೀರು ಹಾಕುವ ಹೊತ್ತು ನೋಡಿ ತಿಪ್ಪೇರುದ್ರಮ್ಮ ಒಳನುಗ್ಗಿದ್ದಳು. ಮೈಲಾರಲಿಂಗಪ್ಪನ ಭಂಡಾರವನ್ನು ಭೂಮಿಕಾಳ ಹಣೆಗೆ ಬಳಿದು, ನಾಲಿಗೆಗೂ ಚಿಟಿಕೆ ಇಟ್ಟಿದ್ದಳು. ಹೋದ ವರ್ಷದ ಅರಿಶಿನ. ಮಳೆಗೆ ತೊಯ್ದು ಗಂಟುಗಟ್ಟಿದ್ದನ್ನು ತಾನೇ ಬೆರಳಲ್ಲಿ ಪುಡಿ ಮಾಡಿದ್ದಳು. ಈಗ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

ಅಷ್ಟರಲ್ಲಿ ಉಚ್ಚಂಗೆಮ್ಮ ಬಾಯಿಬಿಟ್ಟಳು. “ಸೆಕಿ ಅಂತ ಹಳೇ ಕೂಲರ್ ಹಚ್ಚಿದ್ನಿರಿ. ಒಳಗಿನ ಹುಲ್ಲು ಬದ್ಲಿ ಮಾಡಿದ್ದಿಲ್ಲ. ವಾಸ್ನಿ ಬರ್ತಿತ್ತು.”

“ಅದೂ ಇರಬಹುದು, ಬೇರೆಯೂ ಇರಬಹುದು. ಮತ್ತೇನಾದ್ರೂ?” ಎಂದರು ಡಾಕ್ಟರು.

ತಿಪ್ಪೇರುದ್ರಮ್ಮನಿಗೆ ಖುಷಿಯಾಯಿತು. ಕೂಸು ಒಳಗೆ ಉಸಿರಿಗೆ ಒದ್ದಾಡುತ್ತಿದ್ದರೂ ಖುಷಿಯಾದದ್ದು ಸುಳ್ಳಲ್ಲ. ಬಾಯಿಗೆ ಸೆರಗು ಒತ್ತಿಕೊಂಡಳು.

“ನೀವು ಊರಿಗೆ ಹೋಗಿ ಬಾಣಂತೀನ ನೋಡ್ಕ್ಯಳ್ರಿ ಅತ್ತಿ. ಇಲ್ಲಿ ನಮ್ಮವ್ವ ಇರ್ತಾಳ” ಎಂದ ಮೈಲಾರೇಶ, ಅತ್ತೆಯ ಮುಖ ನೋಡದೆ.

ಉಚ್ಚಂಗೆಮ್ಮ ಬೀಗತಿಯ ಎರಡೂ ಕೈ ಹಿಡಿದು, “ತಪ್ಪು ನಂದ ಬೀಗ್ತೆವ್ವ, ನನ್ನ ಕೈಯಾರೆ ಮಾಡಿದೆ” ಎಂದು ಅತ್ತಳು.

“ಆತು ಬಿಡ್ರಿ. ಬಸ್ಸಿಗೆ ಹೊತ್ತಾತು” ಎಂದು ತಿಪ್ಪೇರುದ್ರಮ್ಮ ಕೈ ಬಿಡಿಸಿಕೊಂಡಳು.

ನರ್ಸು ಕೊಟ್ಟ ಗೌನು, ಟೊಪ್ಪಿಗೆ, ಮಾಸ್ಕು ಹಾಕಿಕೊಂಡು ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತಳು. ತಿಂಗಳಾದ ಮೇಲೆ ಕೂಸು ಕೈಗೆಟಕುವಷ್ಟು ಹತ್ತಿರವಿತ್ತು. ಅದು ಕೆಮ್ಮಿ, ಅರೆಗಣ್ಣು ತೆರೆದು ಅವಳನ್ನು ದಿಟ್ಟಿಸಿತು.

“ಬೊಮ್ಮನಳ್ಳಿ ಅಜ್ಜೀ?” ಎಂದು ಕೈ ಚಾಚಿತು.

ತಿಪ್ಪೇರುದ್ರಮ್ಮ ಮಾಸ್ಕನ್ನು ಕಣ್ಣಿನ ಕೆಳಗಿನವರೆಗೆ ಏರಿಸಿಕೊಂಡಳು.

“ಹೂಂ, ನಾನ” ಎಂದಳು. ಕೂಸು ಅವಳ ಬೆರಳು ಹಿಡಿದುಕೊಂಡು ಕಣ್ಣು ಮುಚ್ಚಿತು.