ಮೇಜಿನ ಆಚೆ ಬದಿ

ಬಾಚಣಿಗೆ ಮತ್ತೆ ಸಿಕ್ಕಿನಲ್ಲಿ ನಿಂತಿತು. ಮಗಳು ಎಡಗೈಯಲ್ಲಿ ಕೂದಲ ಬುಡ ಹಿಡಿದು, ಅಮ್ಮನಿಗೆ ನೋಯಬಾರದೆಂಬಂತೆ, ತುದಿಯಿಂದ ಒಂದೊಂದೇ ಎಳೆ ಬಿಡಿಸಿದಳು.

"ಎಳಿಯೇ, ಪರವಾಗಿಲ್ಲ. ಅವಳಿಗಿನ್ನು ನೋವೆಲ್ಲಿ?" ಅಂದಳು ಚಿಕ್ಕಮ್ಮ. ಅಂದವಳೇ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಬದುಕಿದ್ದಾಗ ಅಮ್ಮನಿಗೆ ತಲೆ ಬಾಚಿಕೊಳ್ಳಲು ಪುರುಸೊತ್ತಿರಲಿಲ್ಲ. ಬೆಳಗಿನ ಪ್ರಾರ್ಥನೆ ಹೇಳುತ್ತಲೇ ಮೆಟ್ಟಿಲಿಳಿಯುವಳು. ಕೊನೆಯ ಸಾಲು ಬಸ್ಸಿನಲ್ಲಿ ಮುಗಿಯುತ್ತಿತ್ತು. ಕೂದಲನ್ನು ಗಂಟು ಕಟ್ಟಿ ಅದಕ್ಕೊಂದು ಪೆನ್ಸಿಲು ಚುಚ್ಚಿಬಿಟ್ಟರೆ ಅದೇ ಶೃಂಗಾರ. ಕಣ್ಣಿಲ್ಲದ ಮಕ್ಕಳ ಶಾಲೆ, ಕೃತಕ ಕಾಲು ಮಾಡುವ ಶೆಡ್ಡು, ದಿಕ್ಕಿಲ್ಲದ ಮುದುಕರ ಮನೆ, ಹೀಗೆ ಊರಿನ ಸಣ್ಣಪುಟ್ಟ ಸೇವಾಸಂಸ್ಥೆಗಳಿಗೆಲ್ಲ ಸೇರಿ ಸರ್ಕಾರದ ಮುಂದೆ ನಿಲ್ಲಲು ಇದ್ದವಳು ಇವಳೊಬ್ಬಳೇ. ಕಾನೂನು ಓದಿದವಳಲ್ಲ. ಕಾನೂನು ಮಾಡುವವರ ಬಾಗಿಲಲ್ಲಿ ಕಾದು ಕಾದು ಕಲಿತವಳು.

ಆ ಶೆಡ್ಡಿನಲ್ಲಿ ಕಾಲು ಮಾಡುವವನು ಬಾಗಿಲ ಬಳಿ ಬಂದು ಕೆಮ್ಮಿದ. "ಪುಟ್ಟ ಸಾಹೇಬ್ರೇ, ಅವರು ಬಂದಿದ್ದಾರೆ."

"ಯಾರು?"

"ನಿಜವಾದ ಸಾಹೇಬ್ರು."

ಮಗಳ ಕೈ ನಿಂತಿತು. ಸ್ವಂತ ಕಟ್ಟಡವಿಲ್ಲದ ಸಂಸ್ಥೆಗಳ ನೋಂದಣಿ ರದ್ದಾಗಬೇಕು ಎಂಬ ಹೊಸ ನಿಯಮ ಈ ಅಧಿಕಾರಿಯ ಮೇಜಿನ ಮೇಲಿತ್ತು. ಸೋಮವಾರ ವಿಚಾರಣೆ. ಅಷ್ಟರಲ್ಲಿ ಅಮ್ಮ ನಿದ್ದೆಯಲ್ಲೇ ಹೊರಟುಬಿಟ್ಟಿದ್ದಳು.

"ನಮ್ದೆಲ್ಲಾ ಬಾಡಿಗೆ ಗೂಡು. ಅಕ್ಕ ಇಲ್ದೆ ಯಾರಿಗೂ ಬಾಯೇ ಬರ್ತಿಲ್ಲ. ಇವತ್ತು ನೀವೇ ನಾಲ್ಕು ಮಾತಾಡಿ."

"ನಂಗೆ ಬರೋದು ಒಂದೇ ಮಾತು, ಅಣ್ಣ. 'ಆಗಲ್ಲ' ಅನ್ನೋದು."

ಅವನು ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ.

*

ಅವಳು ಚಿಕ್ಕವಳಿದ್ದಾಗ ಭಾನುವಾರಗಳಂದು ಊಟದ ಮೇಜು ಕಚೇರಿಯಾಗುತ್ತಿತ್ತು. ಸರ್ಕಾರದ ಮುಂದೆ ಆಡಬೇಕಾದ ಮಾತನ್ನು ಸಂಸ್ಥೆಗಳವರು ಅಲ್ಲಿ ಬಂದು ಅಭ್ಯಾಸ ಮಾಡುತ್ತಿದ್ದರು. ಕುರ್ಚಿಯ ಮೇಲೆ ಎರಡು ದಿಂಬು ಪೇರಿಸಿ ಅಮ್ಮ ಅವಳನ್ನು ಕೂರಿಸುತ್ತಿದ್ದಳು.

"ನೀನು ಅಧಿಕಾರಿ. ಸುಲಭಕ್ಕೆ ಒಪ್ಪಬಾರದು. ಅವರ ಮಾತು ನಿನ್ನ ಒಳಕ್ಕೆ ಇಳಿದ್ರೆ ಮಾತ್ರ ಈ ನೀರಿನ ಲೋಟ ಅವರ ಕಡೆ ತಳ್ಳು. ಇಳೀದಿದ್ರೆ ಮುಟ್ಟಲೇಬೇಡ."

ಕಣ್ಣಿಲ್ಲದ ಮಕ್ಕಳಿಗೆ ಹಾಡು ಕಲಿಸುವ ಟೀಚರು ಎದುರು ನಿಂತು ಗಂಟಲು ಸರಿಮಾಡಿಕೊಂಡರು. "ಮಾನ್ಯರೇ, ಸಮಾಜದ ಸರ್ವತೋಮುಖ ಏಳಿಗೆಗಾಗಿ..."

"ಆಗಲ್ಲ," ಅಂತ ಆಕಳಿಸಿದಳು ಪುಟ್ಟ ಸಾಹೇಬ್ರು.

"ಏಳಿಗೆ ಆಮೇಲೆ ಏಳಲಿ ಮೇಡಂ," ಅಂದಳು ಅಮ್ಮ. "ಇವತ್ತು ಬೆಳಿಗ್ಗೆ ನಿಮ್ಮ ಕೈ ಏನು ಮಾಡ್ತು? ಅಲ್ಲಿಂದ ಶುರು ಮಾಡಿ."

ಟೀಚರು ತಮ್ಮ ಕೈ ನೋಡಿಕೊಂಡರು. "ಹೊಸದಾಗಿ ಒಂದು ಹುಡುಗಿ ಬಂದಿದೆ. ಅದರ ಕೈ ಹಿಡಿದು ಕಿಟಕಿ ಗಾಜಿನ ಮೇಲಿಟ್ಟೆ. 'ಬೆಚ್ಚಗಿದೆ, ಇದೇನಾ ಬೆಳಗು?' ಅಂತ ಕೇಳ್ತು."

ಲೋಟ ತಾನಾಗಿ ಮೇಜಿನ ಮೇಲೆ ಜಾರಿತ್ತು.

ಎಲ್ಲರೂ ಹೋದ ಮೇಲೆ ಅವಳು ಕೇಳಿದ್ದಳು: "ಅಮ್ಮಾ, ನಾನು ಯಾವಾಗ ಆಚೆ ಬದಿ ನಿಂತ್ಕೊಳ್ಳೋದು?"

"ನೀನು ಕೇಳ್ಕೊಳ್ಳೋಂಥದ್ದು ಏನಿದ್ಯೇ ನನ್ನ ಚಿನ್ನ?"

ಅವಳಿಗೆ ಬೇಕಿದ್ದದ್ದು ಒಂದೇ: ಅಮ್ಮ. ಅದನ್ನು ಹೇಗೆ ಹೇಳುವುದೆಂದು ಯೋಚಿಸುವಷ್ಟರಲ್ಲಿ ಫೋನು ಬಡಿದುಕೊಂಡಿತು.

ದೊಡ್ಡವಳಾದ ಮೇಲೆ, ಕಚೇರಿಯಿಂದ ಬರಿಗೈಲಿ ಬಂದ ಅಮ್ಮನನ್ನು ಅವಳು ಕೆಣಕುತ್ತಿದ್ದಳು. "ಏನಮ್ಮ, ಇವತ್ತೂ ಕೋಣನ ಮುಂದೆ ಕಿನ್ನರಿ ಬಾರಿಸಿ ಬಂದ್ಯಾ?"

"ಛೇ, ಹಾಗನ್ನಬಾರದು. ಒಳ್ಳೇ ಮನುಷ್ಯ. ಇನ್ನೂ ಲೋಟ ತಳ್ಳಿಲ್ಲ, ಅಷ್ಟೆ."

*

ಸಭಾಂಗಣದಲ್ಲಿ ಅಮ್ಮ ಹೂವಿನ ನಡುವೆ ಮಲಗಿದ್ದಳು. ಪಕ್ಕದಲ್ಲಿ ಮಾತಾಡುವವರಿಗೆಂದು ಒಂದು ಮೇಜು, ಅದರ ಮೇಲೆ ನೀರು. ಹೊರಗೇ ನಿಂತಿದ್ದು ಕೊನೆಗೆ ಒಳಬಂದ ಅಧಿಕಾರಿಗೆ ಉಳಿದಿದ್ದದ್ದು ಆ ಮೇಜಿಗೆ ಒತ್ತಿಕೊಂಡಿದ್ದ ಕುರ್ಚಿಯೊಂದೇ. ತೆಳ್ಳಗಿನ ಮನುಷ್ಯ, ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದರು. ಜನ ಅವರತ್ತ ನೋಡಿಯೂ ನೋಡದಂತಿದ್ದರು.

ಮೊದಲು ಹಾಡಿನ ಟೀಚರು ಎದ್ದರು. ಈಗ ಅವರ ತಲೆಯೆಲ್ಲ ಹತ್ತಿ. "ಸಮಾಜದ ಸರ್ವತೋಮುಖ..." ಎಂದವರು ತಟ್ಟನೆ ನಿಂತು, "ಅಯ್ಯೋ, ಮತ್ತದೇ ಅಂದ್ನಲ್ಲ. ಅಕ್ಕ ಬೈತಾಳೆ," ಅಂದರು. ಎಲ್ಲರೂ ನಕ್ಕರು. ಟೀಚರು ಅಳುತ್ತ ಕೂತರು. ಆಮೇಲೆ ಯಾರೂ ಏಳಲಿಲ್ಲ.

ಮಗಳು ಎದ್ದು ಮೇಜಿನ ಆಚೆ ಬದಿಗೆ ಹೋಗಿ ನಿಂತಳು. ಅಲ್ಲಿಂದ ಎಲ್ಲವೂ ಬೇರೆಯಾಗಿ ಕಂಡಿತು. ಕೇಳುವವರ ಮುಖಗಳು ಇಷ್ಟು ದೂರವಿರುತ್ತವೆಂದು ಅವಳಿಗೆ ಗೊತ್ತಿರಲಿಲ್ಲ.

"ಇವತ್ತು ಬೆಳಿಗ್ಗೆ ನನ್ನ ಕೈ ಅಮ್ಮನ ತಲೆ ಬಾಚ್ತು," ಅಂದಳು.

ಕಾಲು ಮಾಡುವವನು ತಲೆ ತಗ್ಗಿಸಿದ.

"ಚಿಕ್ಕವಳಿದ್ದಾಗಿಂದ ಬಾಚಬೇಕು ಅಂತಿತ್ತು. ಅವಳು ಕೂತ್ರೆ ತಾನೆ? ಇವತ್ತು ಸುಮ್ನೆ ಬಾಚಿಸ್ಕೊಂಡ್ಳು. ಗಂಟಿನೊಳಗೆ ಒಂದು ಮೋಟು ಪೆನ್ಸಿಲು ಸಿಕ್ತು. ಅದನ್ನ ಅಲ್ಲೇ ಮತ್ತೆ ಸಿಗಿಸಿದೀನಿ, ಬೇಕಾಗಬಹುದು ಅಂತ. ಸಿಕ್ಕು ಪೂರ್ತಿ ಬಿಡಿಸೋಕಾಗ್ಲಿಲ್ಲ. ಹೊರಗೆ ನೀವೆಲ್ಲ ಕಾಯ್ತಿದ್ರಿ. ಯಾವಾಗ್ಲೂ ಕಾಯ್ತಿದ್ರಿ. ನಿಮ್ಮ ಮೇಲೆ ನಂಗೆ ಸಿಟ್ಟಿತ್ತು. ಇವತ್ತು ಬಾಗಿಲು ತೆಗೆದಾಗ, ಅವಳಿಗಾಗಿ ಅಳೋರು ನಾನೊಬ್ಬಳೇ ಅಲ್ಲ ಅಂತ..."

ತುಟಿ ಅಲುಗಿದರೂ ದನಿ ಹೊರಡಲಿಲ್ಲ. ಯಾರೋ ಮೂಗೆಳೆದುಕೊಂಡರು. ಗೋಡೆಯ ಫ್ಯಾನು ಅತ್ತಿತ್ತ ತಿರುಗಿತು.

ಆಗ ಮರದ ಮೇಲೆ ಗಾಜು ಉಜ್ಜುವ ಸದ್ದಾಯಿತು.

ತಲೆಯೆತ್ತದೆ, ಅವಳ ಮುಖವನ್ನೂ ನೋಡದೆ, ಅಧಿಕಾರಿ ನೀರಿನ ಲೋಟವನ್ನು ಮೆಲ್ಲಗೆ ಅವಳ ಕಡೆ ತಳ್ಳುತ್ತಿದ್ದರು. ಇಡೀ ಸಭೆಯ ಕಣ್ಣು ಆ ಲೋಟದ ಮೇಲೆ ನೆಟ್ಟಿತು. ಟೀಚರು ಪಕ್ಕದಲ್ಲಿದ್ದ ಕಾಲು ಮಾಡುವವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಇವರಿಗೆಲ್ಲ ಏನಾಯಿತೆಂದು ತಿಳಿಯದೆ ಅಧಿಕಾರಿ ಸುತ್ತ ನೋಡಿದರು. ಆದರೂ ಕೈ ಹಿಂದಕ್ಕೆ ತೆಗೆಯಲಿಲ್ಲ.

ಮೇಜಿನ ಅಂಚಿನವರೆಗೆ ಬಂದ ಲೋಟವನ್ನು ಮಗಳು ಎರಡೂ ಕೈಯಲ್ಲಿ ಹಿಡಿದಳು. ಒಳಗೆ ನೀರು ಇನ್ನೂ ಅಲುಗುತ್ತಿತ್ತು.